ಅಡಿಗೆ ಇಳಿಯುವ ಫಲಕ

ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ತಪ್ಪನ್ನು ಗಟ್ಟಿಯಾಗಿ ಹೇಳುವುದು ನಮ್ಮಂಥ ಮೇಷ್ಟ್ರುಗಳಿಗೆ ಸುಲಭ. ಮದ್ದೂರಿನ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಭೂಗೋಳ ಕಲಿಸುತ್ತಿರುವ ನನಗೆ ಆ ವಿದ್ಯೆ ಚೆನ್ನಾಗಿಯೇ ಒಲಿದಿದೆ. ಭೂಮಿಯ ಹೊರಪದರ ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ, ನೆಲದ ಫಲಕವೂ ಸಮುದ್ರದಡಿಯ ಫಲಕವೂ ಎದುರಾದರೆ ಒಂದು ಇನ್ನೊಂದರ ಅಡಿಗೆ ಇಳಿಯುತ್ತದೆ ಎನ್ನುವವರೆಗೆ ನನ್ನ ಪಾಠ ಸರಿಯಾಗಿತ್ತು. ಯಾವುದು ಇಳಿಯುತ್ತದೆ, ಯಾಕೆ ಎನ್ನುವಲ್ಲಿ ಮಾತ್ರ ನಾನು ಪುಸ್ತಕ ನೋಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ನೆಲದ ಫಲಕ ದಪ್ಪ, ಆದ್ದರಿಂದ ಭಾರ; ಅದು ಸಮುದ್ರದಡಿಯ ತೆಳು ಫಲಕವನ್ನು ಅದುಮಿ ಕೆಳಕ್ಕೆ ತಳ್ಳುತ್ತದೆ ಎನ್ನುತ್ತಿದ್ದೆ. ಯಾರೂ ಎದುರಾಡಿರಲಿಲ್ಲ.

ಈ ವರ್ಷ ಒಂಬತ್ತನೇ ಕ್ಲಾಸಿನ ಶಬಾನಾ ಪರೀಕ್ಷೆಯಲ್ಲಿ ಬೇರೆಯೇ ಬರೆದಳು. ನೆಲದ ಫಲಕ ದಪ್ಪವಾದರೂ ಹಗುರ, ಸಮುದ್ರದ ಫಲಕ ತೆಳುವಾದರೂ ಭಾರ, ಅದಕ್ಕೇ ಮುಳುಗುತ್ತದೆ ಎಂದು. ಕೆಂಪು ಶಾಯಿಯಲ್ಲಿ ಗೀಟು ಎಳೆದೆ. ಕ್ಲಾಸಿನಲ್ಲಿ ಪೇಪರು ಹಂಚಿದಾಗ ಅದನ್ನು ಹಿಡಿದುಕೊಂಡು ಬಂದು ಮೆಲ್ಲಗೆ ಕೇಳಿದಳು. "ಸಾರ್, ನಮ್ಮಪ್ಪನ ಅಂಗಡಿ ತೊಟ್ಟೀಲಿ ದಪ್ಪ ಮರದ ತುಂಡು ತೇಲ್ತದೆ, ತೆಳ್ಳಗಿರೋ ಕಬ್ಬಿಣದ ತಗಡು ಮುಳುಗ್ತದೆ. ಇದೂ ಹಂಗೇ ಅಲ್ವಾ?"

"ನಿಮ್ಮಪ್ಪನ ತೊಟ್ಟಿ ಬೇರೆ, ಭೂಮಿ ಬೇರೆ ಕಣಮ್ಮ. ಹೋಗಿ ಕೂತ್ಕೊ," ಎಂದೆ. ಕ್ಲಾಸೆಲ್ಲ ನಕ್ಕಿತು. ಅವಳು ಪೇಪರನ್ನು ಮಡಚಿಕೊಂಡು ಹೋಗಿ ಕೂತಳು.

ಅವಳ ಬಾಯಿ ಪೂರ್ತಿ ಮುಚ್ಚಿಸಬೇಕೆಂದೇ ಮನೆಗೆ ಹೋಗಿ ಪುಸ್ತಕ ತೆಗೆದೆ. ಅವಳು ಬರೆದದ್ದೇ ಅಲ್ಲಿತ್ತು. ಸಮುದ್ರದ ಫಲಕ ವಯಸ್ಸಾದಂತೆಲ್ಲ ತಣ್ಣಗಾಗಿ ಇನ್ನೂ ಭಾರವಾಗುತ್ತದೆ, ತನ್ನ ಭಾರಕ್ಕೇ ಬಾಗಿ ಇಳಿಯುತ್ತದೆ. ಮೇಲಿನಿಂದ ಯಾರೂ ಅದುಮಬೇಕಿಲ್ಲ. ಎಲ್ಲಾದರೂ ನನಗೆ ಅನುಕೂಲವಾದ ಅರ್ಥ ಸಿಕ್ಕೀತೇ ಎಂದು ಆ ಸಾಲನ್ನು ಮೂರು ಸಲ ಓದಿದೆ. ಮಾರನೆಯ ದಿನ ಕ್ಲಾಸಿನಲ್ಲಿ ಫಲಕಗಳ ಸುದ್ದಿಯೇ ಎತ್ತದೆ ನದಿಗಳ ಪಾಠ ಮಾಡಿದೆ.

ಸಂಜೆ ಬಸ್ ಸ್ಟ್ಯಾಂಡ್ ಹಿಂದಿನ ಅವಳಪ್ಪನ ವೆಲ್ಡಿಂಗ್ ಅಂಗಡಿಗೆ ಹೋದೆ. ಮಗಳ ಮೇಲೆ ದೂರು ತಂದಿದ್ದೇನೆಂದು ಹೆದರಿ ಅವರು ಕೆಲಸ ನಿಲ್ಲಿಸಿ, ಸ್ಟೂಲು ಒರೆಸಿ ಹಾಕಿದರು. ಹುಡುಗಿ ಬರೆದದ್ದೇ ಸರಿ, ತಪ್ಪು ನನ್ನದು ಎಂದೆ.

"ಮಗು ನೆನ್ನೆ ಊಟ ಮಾಡ್ನಿಲ್ಲ ಸಾರ್," ಎಂದರು. "ಇದನ್ನ ನಂಗ್ಯಾಕೆ ಹೇಳ್ತೀರಿ? ಎಲ್ಲಾರೂ ನಕ್ಕಿದ್ದು ಕ್ಲಾಸಲ್ಲಲ್ವಾ?"

ಮರುದಿನ ಕ್ಲಾಸಿನಲ್ಲೇ ಹೇಳಿದೆ. ಶಬಾನಾಳನ್ನೇ ಬೋರ್ಡಿನ ಹತ್ತಿರ ಕರೆದು ಪಾಠ ಮಾಡಿಸಿದೆ. ಸ್ಪಷ್ಟವಾಗಿ ಹೇಳಿದಳು, ಆದರೆ ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಮಕ್ಕಳು ಯಾರೂ ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಂತೂ ಮುಗಿಯಿತೆಂದುಕೊಂಡು ಮನೆಗೆ ಹೋಗಲು ಮಳವಳ್ಳಿ ಬಸ್ಸು ಹತ್ತಿದೆ. ತುಂಬಿದ ಬಸ್ಸಿನಲ್ಲಿ ಹಳೆಯ ಶಿಷ್ಯನೊಬ್ಬ ಎದ್ದು ಸೀಟು ಕೊಟ್ಟ. ಈಗ ಅವನೂ ಮೇಷ್ಟ್ರು.

"ಕೂತ್ಕಳಿ ಸಾ," ಎಂದ. "ಭೂಗೋಳಾವ ನೀವು ಏಳ್ಕೊಟ್ಟಂಗೇ ನಮ್ಮ ಐಕ್ಳಿಗೂ ಏಳ್ಕೊಡ್ತಾವ್ನಿ. ಒಂದಕ್ಸರ ಬದಲಾಯ್ಸಿಲ್ಲ."

ಅವನು ಇಳಿಯುವ ಊರು ಬರುವುದರೊಳಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವನು ಸೀಟನ್ನು ವಾಪಸ್ ಕೇಳಲಿಲ್ಲ. ನಾನೇ ಎದ್ದು ನಿಂತೆ.