ಅತ್ತೆಯ ಒಡಪು ಮತ್ತು ನನ್ನ ಸ್ಪೀಕರ್ ಜೋಡಣೆ

ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷಗಳಿಂದ ವಿದ್ಯುಚ್ಛಕ್ತಿಯ ಪಾಠ ಮಾಡುತ್ತಿರುವ ನನಗೆ ಎರಡು ಸ್ಪೀಕರ್‌ಗಳಿಗೆ ವೈರ್ ಜೋಡಿಸುವುದೂ ಒಂದು ಕೆಲಸವೇ? ರಿಪೇರಿ ಅಂಗಡಿಗೆ ಒಯ್ಯಲೆಂದು ಹೆಂಡತಿ ಸುನಂದಾ ಚೀಲಕ್ಕೆ ಹಾಕಿದ್ದ ಹಳೆಯ ಕ್ಯಾಸೆಟ್ ಸೆಟ್ಟನ್ನು ನಾನೇ ಹೊರಗೆ ತೆಗೆದೆ.

ಅವಸರವಿತ್ತು. ನಾಲತವಾಡದಿಂದ ಮಾವ ಹನ್ನೊಂದರ ಬಸ್ಸಿಗೆ ಬರುವವರಿದ್ದರು, ಟ್ರಂಕಿನಲ್ಲಿ ಸಿಕ್ಕ ಒಂದು ಕ್ಯಾಸೆಟ್ ಹಿಡಿದುಕೊಂಡು. ಸುನಂದಾ ಬಸುರಿಯಾಗಿದ್ದಾಗ ಮಾಡಿದ ಕುಬಸದ ದಿನ, ಹೆಂಗಸರೆಲ್ಲ ಸೇರಿ ಅತ್ತೆಯಿಂದ ಪ್ರಾಸದ ಒಡಪು ಕಟ್ಟಿಸಿ ಅದರೊಳಗೆ ಗಂಡನ ಹೆಸರು ಹೇಳಿಸಿದ್ದು ಅದರಲ್ಲಿತ್ತು. ರೆಕಾರ್ಡ್ ಮಾಡಿದವನು ನಾನೇ ಎಂದು ಎದೆ ತಟ್ಟಿ ಹೇಳಬಲ್ಲೆ. ಅತ್ತೆ ತೀರಿಕೊಂಡು ವರ್ಷವಾಗಿತ್ತು. ಇರುವವರೆಗೂ "ಏನಂದ್ರಿ", "ಇಲ್ಲಿ ಬರ್ರಿ" ಎಂದವರೇ ಹೊರತು ಮಾವನ ಹೆಸರನ್ನು ಅವರೆದುರು ಎಂದೂ ಉಚ್ಚರಿಸಿರಲಿಲ್ಲ. ಕುಬಸದ ದಿನ ಮಾವ ಗಂಡಸರ ಜೊತೆ ಹೊರಗೆ ಕುಳಿತಿದ್ದರು. ತಮ್ಮ ಹೆಸರನ್ನು ಹೆಂಡತಿಯ ಬಾಯಿಂದ ಒಮ್ಮೆಯಾದರೂ ಕೇಳಬೇಕೆಂಬುದೇ ಅವರ ಆಸೆ.

ಸೆಟ್ಟು ಸರಿಯಿತ್ತು. ವೈರನ್ನಷ್ಟೇ ಇಲಿ ತಿಂದಿತ್ತು. ಬಜಾರದಿಂದ ಹೊಸದು ತಂದೆ.

"ಅಂಗಡ್ಯಾಗ ಹತ್ತ ನಿಮಿಷದ ಕೆಲಸ ಐತ್ರಿ ಅದು," ಎಂದಳು ಸುನಂದಾ.

"ಹೊಲದ ಪಂಪ್‌ಸೆಟ್ಟಿಗೆ ವೈರ್ ಹಚ್ಚಿದಾವ ನಾನು. ಇದೇನ ಮಹಾ?"

ಪಂಪ್‌ಸೆಟ್ಟಿನ ಪದ್ಧತಿಯೆಂದರೆ, ವೈರಿನ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಗೇಣುದ್ದ ಸುಲಿದು, ತಾಮ್ರದ ಎಳೆಗಳನ್ನು ನಟ್ಟಿಗೆ ನಾಲ್ಕು ಸುತ್ತು ಸುತ್ತುವುದು. ಕಚ್ಚಿದೆ. ಸಿಪ್ಪೆ ಬಂತು. ಅದರ ಜೊತೆ, ಹೋದ ವರ್ಷ ಕೂಡಿಸಿಕೊಂಡಿದ್ದ ಹಲ್ಲಿನ ಕ್ಯಾಪೂ ಬಂತು!

"ಏನಾತ್ರಿ?"

"ಏನಿಲ್ಲ," ಎಂದು ಕ್ಯಾಪನ್ನು ಜೇಬಿಗೆ ಸೇರಿಸಿದೆ.

ಈ ಸೆಟ್ಟಿನ ಹಿಂದೆ ಸುತ್ತಲು ನಟ್ಟೇ ಇರಲಿಲ್ಲ. ಸ್ಪೀಕರ್‌ಗೊಂದು ಜೋಡಿಯಂತೆ ಕೆಂಪು, ಕಪ್ಪು ಬಣ್ಣದ ಸಣ್ಣ ಕ್ಲಿಪ್ಪುಗಳಿದ್ದವು. ಗೇಣುದ್ದದ ಎಳೆಗಳನ್ನು ಹೇಗೋ ತುರುಕಿದೆ. ಹೊರಗುಳಿದವು ಒಂದಕ್ಕೊಂದು ತಾಗಿ ಕುಳಿತವು. ಸ್ವಿಚ್ ಹಾಕಿದ ಕೂಡಲೇ ಸೆಟ್ಟು ಟಪ್ಪೆಂದು ದೀಪ ಆರಿಸಿಕೊಂಡಿತು. ಶಾರ್ಟ್ ಸರ್ಕ್ಯೂಟ್. ಈ ಪಾಠವನ್ನು ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಬಿಡಿಸಿ ಹೇಳುತ್ತೇನೆ.

ಬರಿ ಎಳೆಗಳನ್ನೆಲ್ಲ ಕತ್ತರಿಸಿ ಒಗೆದೆ. ಇನ್ನು ಯಾವ ಕಾಲಕ್ಕೂ ಕಳಚಬಾರದೆಂದು, ವೈರನ್ನು ಸಿಪ್ಪೆ ಸಮೇತ ಕ್ಲಿಪ್ಪಿನೊಳಗೆ ಬಲವಾಗಿ ದೂಡಿದೆ. ಆನೆ ಜಗ್ಗಿದರೂ ಬರುವಂತಿರಲಿಲ್ಲ. ಸ್ವಿಚ್ ಹಾಕಿದೆ. ಪುಣ್ಯಕ್ಕೆ ದೀಪ ಹತ್ತಿತು.

ಅಷ್ಟರಲ್ಲಿ ಮಾವ ಬಂದರು. ಕರವಸ್ತ್ರದಲ್ಲಿ ಸುತ್ತಿದ್ದ ಕ್ಯಾಸೆಟ್ ಕೊಟ್ಟು, ಸ್ಪೀಕರ್ ಎದುರಿಗೇ ಕುರ್ಚಿ ಎಳೆದುಕೊಂಡು, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಗುಂಡಿ ಒತ್ತಿದೆ. ಕ್ಯಾಸೆಟ್ ತಿರುಗಿತು. ಸದ್ದೇ ಇಲ್ಲ.

"ಕ್ಯಾಸೆಟ್ಟೇ ಹಾಳಾಗಿರಬೇಕ್ರಿ," ಎಂದುಬಿಟ್ಟೆ, ನನ್ನ ಮಾನ ಉಳಿಸಿಕೊಳ್ಳಲು.

ಮಾವ ಟೊಪ್ಪಿಗೆ ಹಾಕಿಕೊಂಡರು. "ಇರ್ಲಿ ಬಿಡ್ರಿ ಅಳಿಯಾರ. ನನ್ನ ನಸೀಬದಾಗ ಇಲ್ಲ." ಆ ಮಾತು ಕೇಳಿ ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಸುನಂದಾ ಹಿಟ್ಟಿನ ಕೈ ತೊಳೆದು ಬಂದು ವೈರ್ ಕಿತ್ತು ನೋಡಿದಳು. "ಪ್ಲಾಸ್ಟಿಕ್ ಕಚ್ಚಿಸಿ ಕುಂದ್ರಿಸೀರಲ್ರಿ. ಕರೆಂಟ್ ಎಲ್ಲಿಂದ ಹಾಯಬೇಕು?" ಹೊಲಿಗೆ ಕತ್ತರಿಯಿಂದ ಉಗುರಿನಷ್ಟೇ ಸಿಪ್ಪೆ ತೆಗೆದು, ದೀಪದ ಬತ್ತಿ ಹೊಸೆದಂತೆ ಎಳೆಗಳನ್ನು ಬೆರಳಲ್ಲಿ ಹೊಸೆದು, ಕೆಂಪಿಗೊಂದು ಕಪ್ಪಿಗೊಂದು ಕೂಡಿಸಿದಳು. ಒಂದೆಳೆಯೂ ಹೊರಗಿರಲಿಲ್ಲ.

ಕ್ಯಾಸೆಟ್ಟನ್ನು ಶುರುವಿನವರೆಗೆ ಹಿಂದಕ್ಕೆ ತಿರುಗಿಸಿ ಗುಂಡಿ ಒತ್ತಿದಳು. ಬಳೆಗಳ ಸದ್ದು, ಹೆಂಗಸರ ಗದ್ದಲ. ಆಮೇಲೆ ಅತ್ತೆಯ ದನಿ, ಪಕ್ಕದಲ್ಲೇ ಕುಳಿತಷ್ಟು ಸ್ಪಷ್ಟವಾಗಿ:

"ಹೇಳ್ತೇನಿ ತಡೀರಿ. ಮೊದಲ ನಮ್ಮ ಅಳಿಯಾರನ್ನ ಆ ಮೈಕಿನ ವೈರಿಂದ ದೂರ ಕರಕೊಂಡ ಹೋಗ್ರಿ. ಎರಡ ಸಲ ಕೆಡಿಸ್ಯಾರ."

ಹೆಂಗಸರು ನಕ್ಕರು. ನಂತರ ಒಡಪು ಬಂತು:

"ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ, ಮ್ಯಾಲ ಕೆನಿ ಮೊಸರ, ಗುರುಪಾದಪ್ಪ ಅಂತ ಐತಿ ನಮ್ಮ ಮನಿಯವರ ಹೆಸರ."

ಮಾವ ಟೊಪ್ಪಿಗೆ ತೆಗೆದು ಅದರಿಂದಲೇ ಕಣ್ಣೊರೆಸಿಕೊಂಡರು. "ಇನ್ನೊಮ್ಮೆ ಹಚ್ಚವಾ," ಎಂದರು ಮಗಳಿಗೆ. ನಾನು ಸೆಟ್ಟಿನತ್ತ ಕೈ ಚಾಚಿದೆ. ಅಪ್ಪ ಮಗಳು ಇಬ್ಬರೂ ನನ್ನ ಕೈ ಹಿಡಿದರು.

ಸಂಜೆಯೊಳಗೆ ಮಾವ ಅದನ್ನು ಹದಿನಾಲ್ಕು ಸಲ ಕೇಳಿದರು. ಹದಿನಾಲ್ಕು ಸಲವೂ ಅತ್ತೆ, ಮೊದಲು ನನ್ನನ್ನು ದೂರ ಸರಿಸಿಯೇ ಗಂಡನ ಹೆಸರು ಹೇಳಿದರು.