ಡ್ರಿಲ್ ಮೇಷ್ಟ್ರ ಸೊಂಟದ ಅಳತೆ

ಉಪ್ಪು ಒಂದು ಹರಳು ಹೆಚ್ಚಾದರೆ ದಿನಗಟ್ಟಲೆ ಮಾತುಬಿಡುವ ಗಂಡನಿಗೆ "ನೀವು ದಪ್ಪಗಾಗಿದ್ದೀರಿ" ಎಂದು ಹೇಳುವ ಗಂಡೆದೆ ಯಾವ ಹೆಂಡತಿಗಿದೆ? ಮುಂದಿನ ಕೋಣೆಯಲ್ಲಿ ಬೀದಿಯವರ ಬಟ್ಟೆ ಹೊಲಿಯುತ್ತಿದ್ದ ಹೊಲಿಗೆಯಮ್ಮನಿಗಂತೂ ಇರಲಿಲ್ಲ. ಬಾಯಿಂದ ಆಗಬೇಕಾದ ಕೆಲಸವನ್ನು ಅವಳು ಕತ್ತರಿಯಿಂದ ಮಾಡಿ ಮುಗಿಸಿದಳು.

ಗಂಡ ನಿವೃತ್ತ ಡ್ರಿಲ್ ಮೇಷ್ಟ್ರು. ಪ್ಯಾಂಟು ಬಿಗಿಯಾಯಿತೆಂದು ಅವರು ಮುಖ ಗಂಟಿಕ್ಕಿದ ದಿನ, ಇಸ್ತ್ರಿಯ ನೆಪದಲ್ಲಿ ಹಿಂಭಾಗದ ಹೊಲಿಗೆ ಬಿಚ್ಚಿ ಬೆರಳಗಲ ಸಡಿಲ ಮಾಡಿದಳು. ಮೇಷ್ಟ್ರ ಮುಖ ಅರಳಿತು, ಮನೆಯಲ್ಲಿ ಶಾಂತಿ ನೆಲೆಸಿತು. ಶಾಂತಿಗೆ ಮತ್ತೆ ಭಂಗ ಬಂದಾಗ ಮತ್ತೆ ಬೆರಳಗಲ. ಒಳಮಡಿಕೆಯ ಬಟ್ಟೆ ಮುಗಿದ ಮೇಲೆ ಹಳೆಯ ಪರದೆಯ ತುಂಡು. (ಹೂವಿನ ಪರದೆ. ಆದರೆ ಅಂಗಿ ಇಳಿಬಿಟ್ಟರೆ ಯಾರಿಗೆ ಕಾಣುತ್ತದೆ?)

ಇತ್ತ ಮೇಷ್ಟ್ರು ಸಂಜೆ ಪಾರ್ಕಿನ ಬೆಂಚಿನಲ್ಲಿ ಗೆಳೆಯರ ಮುಂದೆ ಭಾಷಣ ಬಿಗಿಯುತ್ತಿದ್ದರು: "ನೌಕರಿಗೆ ಸೇರಿದಾಗಿನ ಅಳತೆ ಕಣ್ರೀ. ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ."

ಮೆಟ್ಟಿಲು ಹತ್ತಿ ಏದುಸಿರು ಬಂದರೆ ಮೆಟ್ಟಿಲು ಕಟ್ಟಿದವನಿಗೆ ಬುದ್ಧಿಯಿಲ್ಲ. ಮಂಡಿ ನೋವಾದರೆ ಚಪ್ಪಲಿ ಸರಿಯಿಲ್ಲ. ಕೊನೆಗೊಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತಾಗ ದೂರಲು ಏನೂ ಸಿಗಲಿಲ್ಲ. ಹೊಲಿಗೆಯಮ್ಮ ಹೊಲಿಗೆ ಅರ್ಧಕ್ಕೇ ಬಿಟ್ಟು ಓಡಿ ಬಂದಳು. ಆಟೋ ಹತ್ತಿಸಿ ಡಾಕ್ಟರಮ್ಮನ ಬಳಿ ಕರೆದೊಯ್ದಳು.

"ತೂಕ ನೋಡಿಸಿದ್ದು ಯಾವಾಗ?" ಎಂದರು ಡಾಕ್ಟರಮ್ಮ.

"ಯಾಕೆ ನೋಡಿಸ್ಬೇಕು? ಮದುವೆಗೆ ಮುಂಚಿನ ಪ್ಯಾಂಟೇ ಇವತ್ತಿಗೂ ಆಗತ್ತೆ."

ಡಾಕ್ಟರಮ್ಮ ಬೆನ್ನಿಗೆ ಸ್ಟೆತಾಸ್ಕೋಪ್ ಇಡಲು ಅಂಗಿ ಎತ್ತಿದರು. ಕೈ ಅಲ್ಲೇ ನಿಂತಿತು. "ಇದೇನ್ರೀ, ಹಿಂದುಗಡೆ ಹೂದೋಟ?"

ಮೇಷ್ಟ್ರು ಕತ್ತು ಹೊರಳಿಸಿದರು. ಕಾಣಲಿಲ್ಲ. ಆದರೆ ಹೆಂಡತಿಯ ಮುಖ ಕಂಡಿತು. ಅವಳು ಬೆರಳಗಲದ ಕತೆಯನ್ನೆಲ್ಲ ಒಪ್ಪಿಕೊಂಡ ಮೇಲೆ, ಪರೀಕ್ಷೆ ಮುಗಿಸಿದ ಡಾಕ್ಟರಮ್ಮ ಅವಳತ್ತ ತಿರುಗಿದರು.

"ಪ್ಯಾಂಟು ಬಿಗಿಯಾದ್ರೆ ಅದು ದೇಹ ಹೇಳೋ ಎಚ್ಚರಿಕೆ, ತಾಯಿ. ನೀವು ಅದರ ಬಾಯಿಗೇ ಹೊಲಿಗೆ ಹಾಕಿದ್ದೀರಿ. ಬಿಪಿ ಏರಿದೆ, ಸಕ್ಕರೆ ಏರಿದೆ. ಈ ವಯಸ್ಸಲ್ಲಿ ಬೊಜ್ಜು ಬರೀ ಹೊಟ್ಟೆ ಮೇಲೆ ಕೂರಲ್ಲ, ಮಂಡಿ ಮೇಲೂ ಕೂರತ್ತೆ, ಹೃದಯದ ಮೇಲೂ ಕೂರತ್ತೆ. ಸದ್ಯ, ಈ ಸಲ ಬಚಾವು. ಇಳಿಸದಿದ್ರೆ ಮುಂದಿನ ಸಲದ ಭರವಸೆ ನಾನು ಕೊಡಲ್ಲ."

ಹೊರಗೆ ಕಾಯುತ್ತಿದ್ದ ರೋಗಿಗಳಿಗೂ ಎಲ್ಲ ಕೇಳಿಸಿತ್ತು.

ದಾರಿಯಲ್ಲಿ ಹೊಲಿಗೆಯಮ್ಮ ಮೆಲ್ಲಗೆ ಅಂದಳು, "ತಪ್ಪಾಯ್ತು ರೀ. ನಿಮ್ಮ ಮನಸ್ಸು ನೋಯಬಾರದು ಅಂತ..."

"ಮನಸ್ಸು ನೋಯಿಸಿದ್ರೆ ಎರಡು ದಿನ ಮುನಿಸ್ಕೊಳ್ತಿದ್ದೆ. ಸತ್ತಿದ್ರೆ?"

ಅಂದು ಮಧ್ಯಾಹ್ನವೇ ಕೂಡಿಸಿದ ತುಂಡುಗಳನ್ನೆಲ್ಲ ಕಿತ್ತು ಪ್ಯಾಂಟುಗಳನ್ನು ಮೊದಲಿನ ಅಳತೆಗೆ ತಂದಳು. ಇನ್ನು ಗಂಡನದೇ ಇರಲಿ, ಊರವರದೇ ಇರಲಿ, ಸೊಂಟದ ಹೊಲಿಗೆ ಬಿಚ್ಚುವುದಿಲ್ಲವೆಂದು ಮಷಿನ್ ಮುಟ್ಟಿ ಆಣೆ ಮಾಡಿದಳು. ಸಂಜೆ ಮೇಷ್ಟ್ರು ಲುಂಗಿಯಲ್ಲೇ ಪಾರ್ಕಿಗೆ ಹೋಗಿ, ಹೆಂಡತಿಯ ದ್ರೋಹವನ್ನು ಬೆಂಚಿನ ಗೆಳೆಯರ ಮುಂದೆ ಸವಿಸ್ತಾರವಾಗಿ ತೋಡಿಕೊಂಡರು.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ಬೆಂಚಿಗೆ ಬೆಂಚೇ ಹೊಸ್ತಿಲಲ್ಲಿ ನಿಂತಿತ್ತು. ಎಲ್ಲರ ಕಂಕುಳಲ್ಲೂ ಒಂದೊಂದು ಪ್ಯಾಂಟು.

"ಮೇಷ್ಟ್ರು ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದ್ರು, ಅಕ್ಕಾ," ಎಂದರು ಮುಂದಿದ್ದ ನಿವೃತ್ತ ಗಾರ್ಡು, ದನಿ ತಗ್ಗಿಸಿ. "ನಮಗೆ ಮಾತ್ರ ನಿಮ್ಮ ಕೆಲಸ ಬಹಳ ಹಿಡಿಸ್ತು. ನಾಳೆ ನಮ್ಮವಳು ನನ್ನನ್ನ ಡಾಕ್ಟ್ರ ಹತ್ರ ಎಳ್ಕೊಂಡು ಹೋಗ್ತಾಳಂತೆ. ಅಷ್ಟರೊಳಗೆ ಬೆರಳಗಲ ಸಡಿಲ ಮಾಡಿ ಕೊಡ್ತೀರಾ?"