ಸೋದರಸೊಸೆಯ ಲೇಖನದಲ್ಲಿ ಕಟ್ಟಿದ ಕಡ್ಡಿಪುಡಿ

ಇಲ್ಲಿ ಬರೆದಿರುವುದೆಲ್ಲ ಅಕ್ಷರಶಃ ಸತ್ಯ. ಬೇಕಾದರೆ ಹಿಪ್ಪುನೇರಳೆ ಸೊಪ್ಪು ಮುಟ್ಟಿ ಆಣೆ ಮಾಡುತ್ತೇನೆ. ನನ್ನ ಅಕ್ಕನ ಮಗಳು ಬಾಯಿ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುತ್ತಾಳೆ. ನಾನು ಕೂಟಗಲ್ಲಿನಲ್ಲಿ ರೇಷ್ಮೆಹುಳು ಸಾಕುತ್ತೇನೆ, ಎಲೆಯಡಿಕೆಗೆ ಹೊಗೆಸೊಪ್ಪಿನ ಕಡ್ಡಿಪುಡಿ ಸೇರಿಸಿ ಜಗಿಯುತ್ತೇನೆ. ಇಂಥ ಇಬ್ಬರು ಒಂದೇ ಕುಟುಂಬದಲ್ಲಿ ಹುಟ್ಟಿದ ಮೇಲೆ ಇಂಥವು ನಡೆಯುತ್ತಲೇ ಇರುತ್ತವೆ.

೧. ಮೂವತ್ತೊಂದು

ಅವಳ ಮೂವತ್ತೊಂದು ಲೇಖನಗಳು ಅಚ್ಚಾಗಿವೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಶುರುವಾಗುವ ಮೊದಲು ಈ ವಿಷಯವನ್ನು ನಾನು ಸುತ್ತಲಿನವರಿಗೆಲ್ಲ ತಿಳಿಸುತ್ತೇನೆ. ಅವಳಿಗೆ ಮಾತ್ರ ಚಿಂತೆ ಬೇರೆ. ಊರಿಗೆ ಬಂದಾಗಲೆಲ್ಲ ಟಾರ್ಚ್ ಹಿಡಿದು, "ಮಾವ, ಬಾಯಿ ತೆಗಿ" ಅನ್ನುತ್ತಾಳೆ. ನನ್ನ ಎಡಗೆನ್ನೆಯ ಒಳಗೆ ಅವರೆಕಾಳಿನಷ್ಟು ಬಿಳಿ ಮಚ್ಚೆ ಇದೆ. ಅದರದೊಂದು ಚೂರು ತೆಗೆದು ಪರೀಕ್ಷೆ ಮಾಡಿಸಬೇಕಂತೆ. "ಹುಳ ಹಣ್ಣಾಗ್ಲಿ, ಬತ್ತೀನಿ ಮಗಾ" ಎಂದೆ. ಆಮೇಲೆ ನಾಲ್ಕು ಬೆಳೆಯ ಹುಳು ಹಣ್ಣಾಗಿ, ಗೂಡು ಕಟ್ಟಿ, ಮಾರಾಟವೂ ಆದವು.

ಮಾರುಕಟ್ಟೆಯಲ್ಲಿ ನೂಲು ತೆಗೆಯುವ ಸಾಹೇಬರೊಬ್ಬರು ಒಮ್ಮೆ ಎಲ್ಲ ಕೇಳಿಸಿಕೊಂಡು, "ಅಷ್ಟೆಲ್ಲ ಬರ್ದವ್ರೆ, ಸರಿ. ನೀವು ಕಡ್ಡಿಪುಡಿ ಬುಟ್ರಾ?" ಅಂದರು.

ಸಂಶೋಧನೆ ಇನ್ನೂ ನಡೆಯುತ್ತಿದೆ ಎಂದು ತಿಳಿಸಿದೆ.

೨. ಲಗ್ನಪತ್ರಿಕೆ

ಅವಳ ಕೆಲಸ ಕಾಯಂ ಆಗುವ ಸಂದರ್ಶನ ಹತ್ತಿರ ಬಂತು. ಬರೆದರಷ್ಟೇ ಸಾಲದಂತೆ, ಬೇರೆಯವರು ತಮ್ಮ ಬರವಣಿಗೆಯಲ್ಲಿ ಇವಳ ಲೇಖನವನ್ನು ಹೆಸರಿಸಬೇಕಂತೆ. ಇಷ್ಟೇ ತಾನೆ? ನನ್ನ ತಮ್ಮನ ಮಗನ ಲಗ್ನಪತ್ರಿಕೆಯಲ್ಲಿ, ಸುಖಾಗಮನ ಬಯಸುವವರ ಪಟ್ಟಿಯ ಕೆಳಗೆ, ಅವಳ ಹೊಸ ಲೇಖನದ ಇಂಗ್ಲಿಷ್ ಹೆಸರನ್ನು ಸಂಪುಟ, ಪುಟಸಂಖ್ಯೆ ಸಮೇತ ಹಾಕಿಸಿದೆ. ಆರುನೂರು ಪ್ರತಿ. ಯಾವ ವಿಜ್ಞಾನಿಗೆ ಈ ಭಾಗ್ಯ ಉಂಟು?

ಇವು ಲೆಕ್ಕಕ್ಕೆ ಬರುವುದಿಲ್ಲ ಎಂದಳು ಅವಳು. ಬಂದಿದ್ದು ಒಬ್ಬರ ಲೆಕ್ಕಕ್ಕೆ ಮಾತ್ರ. ಗುಡೇಮಾರನಹಳ್ಳಿಯ ಬೀಗರು ಪುಟ ನಾನೂರ ಹನ್ನೆರಡನ್ನು ಬಸ್ಸಿನ ನಂಬರ್ ಎಂದುಕೊಂಡು ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಮಧ್ಯಾಹ್ನದವರೆಗೂ ಕಾದರು.

೩. ಪೊಟ್ಟಣ

ಊರಲ್ಲಿ ಹಂಚಲೆಂದು ಅದೇ ಲೇಖನದ ಐವತ್ತು ಕಲರ್ ಜೆರಾಕ್ಸ್ ಸೆಟ್ಟು ಮಾಡಿಸಿದ್ದೆ. ಇಂಗ್ಲಿಷ್ ಅಂತ ಯಾರೂ ಮುಟ್ಟಲಿಲ್ಲ. ಕಟ್ಟನ್ನು ಪೆಟ್ಟಿಗೆ ಅಂಗಡಿಯವನಿಗೆ ಕೊಟ್ಟೆ. ಅದರಲ್ಲಿ ತೆರೆದ ಬಾಯಿಯದೊಂದು ದೊಡ್ಡ ಫೋಟೋ ಇತ್ತು: ಕಪ್ಪು ಹಲ್ಲು, ಕೆನ್ನೆಯೊಳಗೆ ಬಿಳಿ ಮಚ್ಚೆ. ಯಾರೋ ಪರದೇಶದವನದು, ಪಾಪ.

ಅವನು ಆ ಹಾಳೆಗಳಲ್ಲೇ ಕಡ್ಡಿಪುಡಿ ಪೊಟ್ಟಣ ಕಟ್ಟಿ ಮಾರಿದ. ತಿಂಗಳಾದ ಮೇಲೆ ನಮ್ಮ ಜಗುಲಿಗೆ ಬಂದು ಕುಳಿತ. "ಗೌಡ್ರೆ, ಪೊಟ್ಟಣ ಬಿಚ್ಚಿದೋರು ಆ ಬಾಯಿ ನೋಡ್ಬುಟ್ಟು ವಾಪಸ್ ತಂದ್ಕೊಡ್ತಾವ್ರೆ. ಹೆಂಗಸ್ರಂತೂ ಬಂದು ಜಗಳಕ್ಕೇ ನಿಂತವ್ರೆ. ನಿಮ್ಮುಡ್ಗೀಗೆ ಒಸಿ ಹೇಳಿ."

ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಬರೆದುಕೊಡು ಎಂದೆ. ನೋಟ್‌ಬುಕ್ಕಿನ ಒಂದಿಡೀ ಹಾಳೆ ಬರೆದು, ಸಹಿ ಮಾಡಿ, ಅಂಗಡಿಯ ಸೀಲನ್ನೂ ಒತ್ತಿಕೊಟ್ಟ. ಅದನ್ನು ಹಾಗೇ ಅವಳಿಗೆ ಕಳಿಸಿದೆ.

೪. ಪರಿಣಾಮ

ಸಂದರ್ಶನದಲ್ಲಿ ಹಿರಿಯರೊಬ್ಬರು, "ನಿಮ್ಮ ಲೇಖನದಿಂದ ಯಾರ ಮೇಲಾದರೂ ಪರಿಣಾಮ ಆಗಿದೆಯೇ?" ಎಂದು ಕೇಳಿದರಂತೆ. ಇವಳು ಆ ದೂರನ್ನು ಮೇಜಿನ ಮೇಲಿಟ್ಟಳಂತೆ. ಅವರು ಗಟ್ಟಿಯಾಗಿ ಓದಿದರಂತೆ, ಸೀಲಿನ ಸಮೇತ. ಕೆಲಸ ಕಾಯಂ ಆಯಿತು.

ಅವಳು ಸಿಹಿ ಹಿಡಿದು ಊರಿಗೆ ಬಂದಳು. ಅದನ್ನು ತಿಂದು, ಮೇಲೊಂದು ಎಲೆಯಡಿಕೆ ಹಾಕೋಣವೆಂದು ಅಂಗಡಿಗೆ ಹೋದೆ.

"ಕಡ್ಡಿಪುಡಿ ತರ್ಸೋದೇ ಬುಟ್ಟೆ ಗೌಡ್ರೆ. ಕೇಳೋರು ನೀವೊಬ್ರೇ. ಒಬ್ರಿಗೋಸ್ಕರ ಯಾರ್ ತತ್ತಾರೆ?"

ಹೀಗೆ ಮೂವತ್ತೊಂದು ಲೇಖನಗಳ ಪರಿಣಾಮ ಕೊನೆಗೂ ನನ್ನ ಮೇಲಾಯಿತು. ಮರುದಿನ ಅವಳ ಕಾರಿನಲ್ಲಿ ಕುಳಿತೆ. ಚೂರು ತೆಗೆದರು. ವಾರ ಬಿಟ್ಟು ಕರೆದು, ಕ್ಯಾನ್ಸರ್ ಅಲ್ಲ, ಆದರೆ ಹೊಗೆಸೊಪ್ಪು ಮುಟ್ಟಬಾರದು, ಮೂರು ತಿಂಗಳಿಗೊಮ್ಮೆ ತೋರಿಸಬೇಕು ಎಂದರು. ಅವಳು ಮುಖ ತೊಳೆದು ಬರುತ್ತೇನೆಂದು ಹೋದವಳು ಅರ್ಧ ಗಂಟೆ ಬರಲಿಲ್ಲ.

ಇನ್ನು, ಆಣೆ ಮಾಡಿದ್ದರಲ್ಲಿ ಒಂದೇ ಒಂದು ಸಣ್ಣ ವಿವರ ನನ್ನ ಸೃಷ್ಟಿ. ಫೋಟೋದ ಬಾಯಿ ಪರದೇಶದವನದಲ್ಲ. ವಿದೇಶದಲ್ಲಿ ಅಚ್ಚಾಗುತ್ತದೆ ಎಂದು ಅವಳು ಒಪ್ಪಿಗೆ ಪತ್ರ ಮುಂದಿಟ್ಟಾಗ, ಕ್ಷೌರ ಮಾಡಿಸಿಕೊಂಡು, ತಲೆ ಬಾಚಿ, ಹಬ್ಬಕ್ಕೆಂದು ಹೊಲಿಸಿದ ಹೊಸ ಶರ್ಟು ಹಾಕಿಕೊಂಡು ಬಂದು ಬಾಯಿ ತೆರೆದವನು ನಾನೇ.